ಅಣ್ಣನಿಗೆ ಗೊತ್ತಿಲ್ಲದ ಭಾಷೆ

"ಇನ್ನೊಂದ್ಸಲ ಯೋಳ್ಲಾ, ಬೋಳಿಮಗನೇ! ಆ ಹುಡ್ಗೀಗ್ ಯೋಳ್ದಲ್ಲ, ಅದ್ನೇ ನನ್ ಮಕ ನೋಡ್ಕಂಡ್ ಯೋಳು!"

ಅಣ್ಣ ಸತುರ್ನೀನೋ ನನ್ನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ಸುರಂಗದ ಗೋಡೆಗೆ ಒತ್ತಿದ್ದ. ಅವನ ಹೆಲ್ಮೆಟ್ಟಿನ ದೀಪ ನೇರ ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಉಸಿರು ಕೇಳುತ್ತಿತ್ತು, ತೂತುಬಿದ್ದ ತಿದಿಯ ಉಸಿರು.

"ಬುಡಣ್ಣಾ. ಬಂದೋರ್ ಎದುರ್ಗೆ ಬ್ಯಾಡ."

"ಬಂದೋರ್ ಎದುರ್ಗೇ ಅಲ್ವೇನ್ಲಾ ನೀ ಯೋಳಿದ್ದು?"

ಬಂದವಳು ಒಬ್ಬಳೇ. ನೆರೇಯಾ ಅಂತ, ಸ್ಪೇನ್ ದೇಶದವಳು. ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಬೆನ್ನಿಗೊಂದು ಚೀಲ ಏರಿಸಿಕೊಂಡು ಲೋಕ ನೋಡಲು ಹೊರಟ ಜಾತಿ. ಪೊತೊಸಿ ಊರಿನ ನಮ್ಮ ಬೆಳ್ಳಿಗಣಿಯ ಬೆಟ್ಟಕ್ಕೆ ಇಂಥವರು ದಿನಾ ಬರುತ್ತಾರೆ. ಅವರನ್ನು ಗಣಿಯೊಳಗೆ ಕರೆದೊಯ್ದು ತೋರಿಸುವುದು ಹನ್ನೊಂದು ವರ್ಷದಿಂದ ನನ್ನ ಕಸುಬು. ಅದಕ್ಕೆ ಮೊದಲು ನಾನೂ ಅಣ್ಣನ ಪಕ್ಕದಲ್ಲೇ ಕಲ್ಲು ಕೊರೆಯುತ್ತಿದ್ದೆ. ಬಂದವರ ಬಾಯಿಂದಲೇ ಇಂಗ್ಲಿಷ್ ಹೆಕ್ಕಿಕೊಂಡೆ, ಸುತ್ತಿಗೆ ಕೆಳಗಿಟ್ಟೆ. ಅಣ್ಣ ಇಡಲಿಲ್ಲ.

ಬೆಳಿಗ್ಗೆ ಸಂತೆಯಲ್ಲಿ ಅವಳಿಂದ ಗಣಿಯವರಿಗೆ ಕೊಡಲು ಅಗಿಯುವ ಕೋಕಾ ಎಲೆ, ಶರಬತ್ತು, ಒಂದು ಡೈನಮೈಟ್ ಕಡ್ಡಿ ಕೊಳ್ಳಿಸಿದ್ದೆ. ಯಾವಾಗಲೂ ಹಾಗೇ. ಒಳಗೆ ನಮ್ಮ ಟಿಯೋ ಕೂತಿದ್ದಾನೆ, ಕೊಂಬಿನ ಮಣ್ಣಿನ ದೆವ್ವ. ಮೇಲೆ ದೇವರು, ಒಳಗೆ ಅವನು. ಅವನ ಬಾಯಿಗೆ ಸಿಗರೇಟು ಹಚ್ಚಿಟ್ಟೆ.

"ಈ ಮೂರ್ತಿ ಯಾಕಿಲ್ಲಿ?" ಅಂದಳು.

"ನಿಮ್ಮೋರು ಹಿಂದೆ ನಮ್ನ ಆಳ್ತಿದ್ದಾಗ ಬೆಳ್ಳಿಗೋಸ್ಕರ ನಮ್ಮೋರ್ನ ಹಿಡ್ಕಂಡ್ ಬಂದು ಒಳಗ್ ನೂಕಿದ್ರು ಕಣಮ್ಮ. ಹೊರಗಿನ್ ದೇವ್ರು ಆವಾಗ ನಿಮ್ಮೋರ ಕಡೆ ಇದ್ದ. ನಮಗೆ ಇವ್ನು ಸಿಕ್ಕಿದ."

ಅಲ್ಲಿಗೇ ಅವಳ ಕಣ್ಣು ತುಂಬಿತು. ತೋರಿಸುವ ಕಸುಬಿನವರಿಗೆ ಗೊತ್ತು, ಅಳುವವರು ಒಳ್ಳೆಯ ಗಿರಾಕಿ, ಕೈಬಿಚ್ಚಿ ಕೊಡುತ್ತಾರೆ. ಅಂಥವರನ್ನು ಕೊನೆಗೆ ಅಣ್ಣನ ಜಾಗಕ್ಕೆ ಕರೆತರುತ್ತೇನೆ.

ಅಣ್ಣ ಡೈನಮೈಟ್ ತುಂಬುವ ತೂತಿಗೆ ಉಳಿ ಇಟ್ಟು ಸುತ್ತಿಗೆ ಹೊಡೆಯುತ್ತಿದ್ದ. ಎಡಗೆನ್ನೆಯಲ್ಲಿ ಕೋಕಾ ಎಲೆಯ ಉಂಡೆ. ಒಳಗೆ ನಮಗೆ ಅದೇ ಗಡಿಯಾರ. ಉಂಡೆ ಸಪ್ಪಗಾದರೆ ಹೊರಗೆ ಹೋಗುವ ಹೊತ್ತಾಯಿತು ಅಂತ. ಅವನ ಕೋಟು ಪಕ್ಕದ ಮೊಳೆಗೆ ನೇತುಬಿದ್ದಿತ್ತು. ನನ್ನ ಕಂಡು ಎಂದಿನಂತೆ ನಕ್ಕ. ಯಾವಾಗಲೂ ನಗುತ್ತಾನೆ. ತಮ್ಮ ತನ್ನ ಕೈಕಸುಬನ್ನು ಪರದೇಶದವರ ಮುಂದೆ ಹೊಗಳುತ್ತಾನೆ ಅಂತಲೇ ತಿಳಿದಿದ್ದ. ಇಂಗ್ಲಿಷ್ ಅವನಿಗೆ ಒಂದಕ್ಷರ ಬಾರದು.

ನಾನು ಹೇಳುತ್ತಿದ್ದುದು ಇಷ್ಟು: "ಇವನು ನನ್ನ ಅಣ್ಣ. ನಲವತ್ತೊಂಬತ್ತು ವರ್ಷ. ಎದೆ ತುಂಬ ಕಲ್ಲಿನ ಪುಡಿ. ಹೆಚ್ಚೆಂದರೆ ಎರಡು ವರ್ಷ ಅಂದಿದ್ದಾರೆ ಡಾಕ್ಟರು. ಇವನಿಗೆ ಗೊತ್ತಿಲ್ಲ."

ಆ ಕೊನೆಯ ಮಾತಿಗೆ ಅಳದವರಿಲ್ಲ.

ಮನೆಯಲ್ಲಿ ನಾವಾಡುವುದು ಕೆಚುವಾ. ಆದರೆ ಸ್ಪ್ಯಾನಿಷ್ ನಮ್ಮಲ್ಲಿ ಯಾರಿಗೆ ಬರುವುದಿಲ್ಲ? ಆ ಭಾಷೆಯವರು ಬಂದರೆ ನನ್ನ ಜೊತೆಗಾರ ಕರೆದೊಯ್ಯುತ್ತಿದ್ದ. ಅವತ್ತು ಅವನ ಮಗುವಿನ ನಾಮಕರಣ, ಅವನು ಬಂದಿರಲಿಲ್ಲ. ದಿನಾ ತುಳಿದ ದಾರಿಯಲ್ಲಿ ಹೇಸರಗತ್ತೆ ಕಣ್ಣುಮುಚ್ಚಿ ನಡೆಯುತ್ತದೆ. ನನ್ನ ನಾಲಗೆಯೂ ಹಾಗೇ ನಡೆಯಿತು. ಅಷ್ಟನ್ನೂ ಅವನೆದುರೇ ಸ್ಪ್ಯಾನಿಷಿನಲ್ಲಿ ಹೇಳಿ ಮುಗಿಸಿದೆ.

ಸುತ್ತಿಗೆ ನಿಂತಿತು. ಆಮೇಲೆ ನನ್ನ ಕೊರಳಪಟ್ಟಿಗೆ ಕೈ ಬಿತ್ತು.

"ಚಳೀಗ್ ಕೆಮ್ಮು ಅಂದೆ. ಬಿಸ್ನೀರ್ಗೆ ಸೊಪ್ಪಾಕ್ಕಂಡ್ ಕುಡಿ ಅಂದೆ. ಎದೆ ಎಕ್ಸ್‌ರೇ ಚೆಂದಾಗ್ ಬಂದೈತೆ ಅಂದೆ. ಅಂದ್ಯೋ ಇಲ್ವೋ?"

"ನೀ ಹೆದರ್ಕತೀಯ ಅಂತ..."

"ಎಷ್ಟ್ ಜನಕ್ ಯೋಳಿದೀಯ?"

ನಾನು ದೀಪದಿಂದ ಮುಖ ತಿರುಗಿಸಿದೆ.

"ಬಾಯ್ ಬುಡ್ಲಾ! ಜರ್ಮನಿಯೋರ್ಗೆ? ಜಪಾನಿನೋರ್ಗೆ? ನಾ ಸಾಯೋದು ಲೋಕಕ್ಕೆಲ್ಲ ಗೊತ್ತು, ನಂಗೊಬ್ಬಂಗ್ ಗೊತ್ತಿಲ್ಲ. ನಾ ಇಲ್ಲಿ ಹಲ್ ಕಿರ್ಕಂಡ್ ನಿಂತಿದ್ನಲ್ಲೋ, ಥೂ!"

ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದ ಮೊದಲ ದಿನ ಮರುಕಕ್ಕೇ ಮುಚ್ಚಿಟ್ಟೆ. ಅದು ಸುಳ್ಳಲ್ಲ. ನಾಲ್ಕು ತಿಂಗಳ ಮೇಲೆ ಒಬ್ಬ ಜರ್ಮನ್ ಮುದುಕನ ಮುಂದೆ ತಡೆಯಲಾರದೆ ಹೇಳಿಬಿಟ್ಟೆ. ಅವನು ಅತ್ತು, ಮೈಮೇಲಿನ ಜಾಕೆಟ್ಟು ಬಿಚ್ಚಿಕೊಟ್ಟ. ಅಣ್ಣ ಈಗ ಹಿಡಿದಿದ್ದ ಕೊರಳಪಟ್ಟಿ ಅದರದೇ. ಗೊತ್ತಿದ್ದರೆ ಅಣ್ಣ ಕೊರೆಯುವುದನ್ನು ಬಿಡುತ್ತಿದ್ದ, ಬಿಟ್ಟಿದ್ದರೆ ಇನ್ನೆರಡು ವರ್ಷ ಜಾಸ್ತಿ ಉಸಿರಾಡುತ್ತಿದ್ದನೋ ಏನೋ. ಅವನು ಬಿಟ್ಟರೆ ಬಂದವರನ್ನು ಎಲ್ಲಿ ನಿಲ್ಲಿಸಿ ಅಳಿಸಲಿ ಅನ್ನುವ ಯೋಚನೆ ನನಗೆ ಬಂದೇ ಇರಲಿಲ್ಲ ಅಂತ ನಾನು ಹೇಳಲಾರೆ.

ನೆರೇಯಾ ಕೆಸರಿನಲ್ಲಿ ಮೊಣಕಾಲೂರಿದಳು. "ಕ್ಷಮಿಸಿಬಿಡಿ... ನಮ್ಮ ಹಿರಿಯರು ನಿಮಗೆ ಮಾಡಿದ್ದಕ್ಕೆಲ್ಲ..."

ಅಣ್ಣ ನನ್ನ ಬಿಟ್ಟು ಅವಳತ್ತ ತಿರುಗಿದ.

"ಏಳವ್ವಾ. ನಿಮ್ ಹಿರೀಕ್ರು ಮಣ್ಣಾಗ್ ಹೋದ್ರು. ಅವ್ರ್ ಮ್ಯಾಲ್ ಸಿಟ್ ಮಾಡಕ್ಕೆ ನಂಗೆ ಟೇಮಿಲ್ಲ. ಇವ್ನು ನಮ್ಮವ್ವನ ಹಾಲ್ ಕುಡ್ದೋನು. ಅಳ್ಬ್ಯಾಡ ನೀನು. ನೀ ಅತ್ರೆ ಇವಂಗೇ ಲಾಭ."

ಅವಳು ಕಣ್ಣೊರೆಸಿಕೊಂಡಳು. ಎದ್ದು ನಿಂತು ಉಡುಗೊರೆಯ ಚೀಲವನ್ನು ಅವನತ್ತ ಚಾಚಿದಳು. ಅಣ್ಣ ಅದನ್ನು ಮುಟ್ಟಲಿಲ್ಲ. ನನ್ನ ಹೆಲ್ಮೆಟ್ಟು ಕಿತ್ತೆಸೆದು, ತನ್ನದನ್ನು ದೀಪದ ಸಮೇತ ನನ್ನ ತಲೆಗೆ ಒತ್ತಿದ. ಉಳಿ ನನ್ನ ಒಂದು ಕೈಗೆ, ಸುತ್ತಿಗೆ ಇನ್ನೊಂದು ಕೈಗೆ ಕೊಟ್ಟ.

"ತೂತು ಇನ್ನೊಂದ್ ಗೇಣು ಬಾಕಿ ಐತೆ. ಕೊರೀಲಾ."

"ಅಣ್ಣಾ..."

"ನೋಡವ್ವಾ, ಇವ್ನು ನನ್ ತಮ್ಮ ಫೆರ್ಮೀನ್. ವಯಸ್ಸು ನಲವತ್ನಾಕು. ಇವನ್ ಎದೇಲಿ ಏನೈತೆ ಅಂತ ಇವಂಗೂ ಗೊತ್ತು, ನಂಗೂ ಗೊತ್ತು. ಫೋಟ ತಕ್ಕಳಂಗಿದ್ರೆ ತಕ್ಕೊ."

ಕೆನ್ನೆಯ ಉಂಡೆಯನ್ನು ಉಗಿದ. ಅದು ನನ್ನ ಬೂಟಿನ ಮೇಲೆ ಹಸಿ ಹಸಿರಾಗಿ ಬಿತ್ತು. ಅರ್ಧ ರಸ ಅದರಲ್ಲೇ ಇತ್ತು. ನಮ್ಮ ಬೆಟ್ಟದಲ್ಲಿ ರಸವಿರುವಾಗ ಯಾರೂ ಉಗಿಯುವುದಿಲ್ಲ.

ದೀಪವಿಲ್ಲದೆ, ಗಾಡಿಯ ಹಳಿಯನ್ನು ಕಾಲಿನಲ್ಲಿ ತಡವಿಕೊಂಡು, ಗಣಿಯ ಬಾಯಿಯ ಕಡೆಗೆ ನಡೆದ. ಕೆಮ್ಮು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಇಲ್ಲ.

ಏನು ಮಾಡಲೂ ತೋಚದೆ ನಾನು ಉಳಿ ಇಟ್ಟು ನಾಲ್ಕೇಟು ಹೊಡೆದೆ. ಅವಳು ನೋಡುತ್ತ ನಿಂತಿದ್ದಳು.

ಅಣ್ಣ ಹೆಂಡತಿ ಮಗಳನ್ನು ಕರೆದುಕೊಂಡು ಅಂದೇ ಊರು ಬಿಟ್ಟ. ಎಲ್ಲಿಗೆ ಅಂತ ನನಗೆ ಹೇಳಿದವರಿಲ್ಲ. ತೂತು ಹಾಗೇ ಇದೆ, ಒಂದು ಗೇಣು ಬಾಕಿ. ಕೋಟೂ ಆ ಮೊಳೆಯಲ್ಲೇ ಇದೆ. ಬಂದವರು ಅದು ಯಾರದು ಅಂತ ಕೇಳುತ್ತಾರೆ. ನನ್ನ ಅಣ್ಣನದು ಅನ್ನುತ್ತೇನೆ.

ಅಷ್ಟಕ್ಕೇ ಕೆಲವರು ಅಳುತ್ತಾರೆ.