ತಲೆಯ ಮೇಲಿನ ಹೆಂಟೆ

ನಾನು ಒಂದು ಮಸಿಕುಡಿಕೆ. ಎತ್ತಿನ ಕೊಂಬಿನಲ್ಲಿ ನನ್ನನ್ನು ಕೊರೆದರು. ಆ ಎತ್ತು ಹುಟ್ಟಿದ್ದು ವಲಾಕಿಯದಲ್ಲಿ. ಈಗ ರುಮೇನಿಯ ಎನ್ನುತ್ತಾರಲ್ಲ, ಆ ಸೀಮೆಯಲ್ಲಿ. ತಿಂಗಳುಗಟ್ಟಲೆ ನಡೆಸಿಕೊಂಡು ಬಂದು ಇಟಲಿಯ ವೆನಿಸ್ ನಗರದಲ್ಲಿ ಅದನ್ನು ಕಡಿದರು. ಮಾಂಸವನ್ನು ಊರು ತಿಂದಿತು, ಚರ್ಮ ಬೂಟಾಯಿತು, ನಾನು ಬಾಲ್ದಸಾರೆ ಎಂಬ ಬರಹಗಾರನ ಸೊಂಟ ಸೇರಿದೆ.

ನಾಲ್ಕು ನೂರು ವರ್ಷದ ಹಿಂದೆ ಅವನಿಗೆ ವಲಾಕಿಯದ ದೊರೆಯ ಬಳಿ ಕಾರ್ಯದರ್ಶಿಯ ಕೆಲಸ ಸಿಕ್ಕಿತು. ಹೀಗೆ ನಾನು ತವರಿಗೆ ಮರಳಿದೆ. ಅಲ್ಲಿಯವರ ಮಾತಿನಲ್ಲಿ ಹಳೆಯ ರೋಮಿನ ನುಡಿಯ ಗುರುತು ಕಂಡು ಅವನು ಹಿಗ್ಗಿದ. ನೀರು, ರೊಟ್ಟಿ, ಹೊಲ ಎಂಬಷ್ಟು ಮಾತು ತಿಳಿದದ್ದೇ ತಡ, ದೊರೆ ಜೊತೆಗೆ ಕೊಟ್ಟಿದ್ದ ದುಭಾಷಿಯನ್ನು ಓಡಿಸಿದ. "ಇವರು ನಮ್ಮ ಪೂರ್ವಜರ ಸಂತಾನವೇ, ಕಾಡು ಸೇರಿ ಕೆಟ್ಟಿದ್ದಾರೆ" ಎಂದು ಊರಿಗೆ ಬರೆದ. ಉಂಡ ಮನೆಯ ಜಂತೆ ಎಣಿಸುವವನು. ಅವನ ಎಣಿಕೆಗೆಲ್ಲ ನನ್ನ ಹೊಟ್ಟೆಯ ಮಸಿಯೇ ಬೇಕು.

ಒಂದು ಹಳ್ಳಿಯಲ್ಲಿ ವಿಂತಿಲ ಎಂಬ ಮುದುಕನಿಗೂ ಪಕ್ಕದ ಜಮೀನುದಾರನಿಗೂ ಹೊಲದ ಗಡಿಯ ಜಗಳ. ತಪ್ಪು ಮುದುಕನದಾದರೆ ಹೊಲವೂ ಹೋಗುತ್ತದೆ, ಕಳ್ಳನೆಂದು ಬಲಗೈಯೂ ಹೋಗುತ್ತದೆ. ಹೊರಗಿನವನು ಯಾರ ನೆಂಟನೂ ಅಲ್ಲ ಎಂದು ದೊರೆ ಬಾಲ್ದಸಾರೆಯನ್ನೇ ವಿಚಾರಣೆಗೆ ಕಳಿಸಿದ. ಮುದುಕನ ಹೆಂಡತಿ ಸ್ತಾಂಕ ಅವನಿಗೆ ಬಿಸಿ ರೊಟ್ಟಿ ಕೊಟ್ಟು, ತನ್ನ ಹಾಸಿಗೆ ಬಿಟ್ಟುಕೊಟ್ಟಳು.

ಬೆಳಿಗ್ಗೆ ವಿಂತಿಲ ಹೊಲದ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲಿಟ್ಟುಕೊಂಡು, ಅಳುತ್ತ, ಗಡಿಯುದ್ದಕ್ಕೂ ನಡೆದ. ಊರೆಲ್ಲ ಟೋಪಿ ತೆಗೆದು ನಿಂತಿತ್ತು. ಆ ಸೀಮೆಯ ದೊಡ್ಡ ಆಣೆ ಅದು. ಸುಳ್ಳು ಗಡಿ ನಡೆದವನನ್ನು ಆ ಮಣ್ಣೇ ನುಂಗುತ್ತದೆ ಎಂದು ನಂಬಿಕೆ. ಬಾಲ್ದಸಾರೆ ಯಾರನ್ನೂ ಕೇಳಲಿಲ್ಲ. ಕದ್ದ ಮಣ್ಣನ್ನು ಕಳ್ಳನ ತಲೆಗೆ ಹೊರಿಸಿ ಮೆರವಣಿಗೆ ಮಾಡುತ್ತಿದ್ದಾರೆ ಎಂದುಕೊಂಡ. "ಮುದುಕ ಊರ ಮುಂದೆ ಕಳ್ಳತನ ಒಪ್ಪಿಕೊಂಡ" ಎಂದು ದೊರೆಗೆ ಒಂದೇ ಸಾಲು ಬರೆದು ಕಳಿಸಿದ.

ಮೂರನೆಯ ದಿನ ದೊರೆಯ ಆಳುಗಳು ಕೊಡಲಿ ಹಿಡಿದು ಬಂದರು. ಸ್ತಾಂಕ ಬಾಲ್ದಸಾರೆಯ ಕಾಲು ಹಿಡಿದಳು. ಎತ್ತು ಹೊಡೆದುಕೊಂಡು ಹೋಗಿ ವೆನಿಸ್ ಕಂಡು, ಅಲ್ಲಿಯ ಮಾತು ಕಲಿತಿದ್ದ ನೆರೆಯವನೊಬ್ಬ ಅವಳ ಮಾತನ್ನು ಬಿಡಿಸಿ ಹೇಳಿದ.

"ಅದು ಒಪ್ಕೊಂಡಿದ್ದಲ್ಲ ಸ್ವಾಮಿ, ಆಣೆ! ಇನ್ನೊಂದೇ ಒಂದು ಸಾಲು ಬರ್ದು ಕೊಡಿ. ನನ್ ಗಂಡನ ಕೈ ಉಳೀತದೆ."

"ಬರ್ದು ಕೊಟ್ರೆ ನಾವೂ ಕಾಯ್ತೀವಿ" ಎಂದ ಆಳುಗಳ ಮುಖಂಡ.

ಬಾಲ್ದಸಾರೆಯ ಬೆರಳು ನನ್ನ ಮುಚ್ಚಳದ ಮೇಲೆ ಬಂತು. ನನ್ನಲ್ಲಿ ಮಸಿ ತುಂಬಿತ್ತು. ತೆಗೆಯೋ, ತೆಗೆಯೋ ಎಂದು ಒಳಗೇ ಕೂಗಿಕೊಂಡೆ. ತಪ್ಪು ಒಪ್ಪಿದರೆ ಕೆಲಸ ಹೋದೀತೆಂದು ಅವನಿಗೆ ಭಯ. ಮುಚ್ಚಳವನ್ನು ಬಿಗಿದ.

"ಬರೆದದ್ದು ಬರೆದಾಯಿತು" ಎಂದ.

ವಿಂತಿಲನ ಬಲಗೈಯನ್ನು ಅವನದೇ ಸೌದೆ ಕಡಿಯುವ ಕೊರಡಿನ ಮೇಲಿಟ್ಟು ಕಡಿದರು. ಆ ಸಂಜೆ ಮುಚ್ಚಳ ತೆರೆಯಿತು. ಬಾಲ್ದಸಾರೆ ಸ್ತಾಂಕಳ ಮನೆಯಲ್ಲೇ ಕೂತು ತನ್ನ ಪುಸ್ತಕಕ್ಕೆ ಬರೆದ: "ಈ ಜನ ಬಲು ಕ್ರೂರಿಗಳು. ಹಿಡಿ ಮಣ್ಣಿಗಾಗಿ ಮುದುಕನೊಬ್ಬನ ಕೈ ಕಡಿದದ್ದನ್ನು ಕಣ್ಣಾರೆ ಕಂಡೆ." ಒಳಗಿನ ಕೋಣೆಯಲ್ಲಿ ಮುದುಕ ನರಳುತ್ತಿದ್ದ. ಅಕ್ಷರ ಮಾತ್ರ ದುಂಡಗೆ ಬಂದವು.

ಪುಸ್ತಕ ವೆನಿಸ್‌ನಲ್ಲಿ ಅಚ್ಚಾಯಿತು. ಮುಂದೆ ಬರೆದವರೆಲ್ಲ ಅದನ್ನೇ ನಕಲು ಮಾಡಿದರು. ಯಾರೂ ಹೋಗಿ ನೋಡಲಿಲ್ಲ. ಬಾಲ್ದಸಾರೆ ಉಂಡುಟ್ಟು, ಹೆಸರು ಮಾಡಿ, ಹಾಸಿಗೆಯಲ್ಲೇ ಸತ್ತ. ಬಿತ್ತಿದಂತೆ ಬೆಳೆ ಎನ್ನುತ್ತಾರೆ. ಸುಳ್ಳು, ನಾನು ನೋಡಿದ್ದೇನೆ.

ಈಗ ಅವನ ವಂಶದವರ ಗಾಜಿನ ಬೀರುವಿನಲ್ಲಿದ್ದೇನೆ. "ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದವನ ಮಸಿಕುಡಿಕೆ" ಎಂದು ಬಂದವರಿಗೆ ತೋರಿಸುತ್ತಾರೆ. ನನ್ನ ತಳದಲ್ಲಿ ಒಂದಿಷ್ಟು ಮಸಿ ಒಣಗಿ ಅಂಟಿಕೊಂಡಿದೆ. ಸ್ತಾಂಕ ಕೇಳಿದ ಆ ಒಂದು ಸಾಲಿಗೆ ಅಷ್ಟು ಸಾಕಾಗುತ್ತಿತ್ತು.