ಗಾಜಿನ ಹಿಂದೆ ಒಪ್ಪದ ಮ್ಯಾನೇಜರ್

ವರ್ಲೀನಳ ಹಳೆಯ ಕಾರು ಗುರುವಾರ ಬೆಳಿಗ್ಗೆ ಒಹಾಯೋ ನದಿಯ ಸೇತುವೆಯ ಮೇಲೆ ನಿಂತೇಬಿಟ್ಟಿತು. ಏನು ಮಾಡಿದರೂ ಮತ್ತೆ ಉಸಿರೆತ್ತಲಿಲ್ಲ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ ಬರುವುದು ಅವಳ ಕೆಲಸ. ಆ ಕಡೆಯ ಬೆಟ್ಟದ ದಾರಿಗಳಲ್ಲಿ ಬಸ್ಸು ಓಡಾಡುವುದಿಲ್ಲ. ಸೋಮವಾರದೊಳಗೆ ಗಾಡಿ ಇಲ್ಲದಿದ್ದರೆ ಆ ಕೆಲಸ ಬೇರೆಯವರ ಪಾಲು.

ಶನಿವಾರ ಪಕ್ಕದ ಮನೆಯ ಟೆಸ್ಸಿ ತನ್ನ ಗಾಡಿಯಲ್ಲಿ ವರ್ಲೀನಳನ್ನೂ ಅವಳ ಗಂಡ ಹೋಬರ್ಟ್‌ನನ್ನೂ ಕೂರಿಸಿಕೊಂಡು ಹಳೆಯ ಕಾರು ಮಾರುವ ಅಂಗಡಿಗೆ ಹೊರಟಳು. ಟೆಸ್ಸಿ ಇಪ್ಪತ್ತೆರಡು ವರ್ಷ ಗಾಡಿ ನೋಂದಣಿ ಮಾಡುವ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ಬಂದವಳು. ನದಿಯಿಂದ ಎದ್ದ ಮಂಜು ರಸ್ತೆಯನ್ನೇ ನುಂಗಿತ್ತು.

"ಕಾರಿನ ಬೆಲೆ ಕೇಳ್ಬೇಡ ವರ್ಲೀನ್. ಎಲ್ಲಾ ಸೇರಿ ಗಾಡಿ ಗೇಟು ದಾಟೋಕೆ ಎಷ್ಟು ಅಂತ ಕೇಳು. ಬರೆದು ಕೊಡಿ ಅನ್ನು" ಅಂದಳು ಟೆಸ್ಸಿ.

ಹೋಬರ್ಟ್ ನಕ್ಕ. "ಅಲ್ಲ ಅಕ್ಕ, ಅಂಗಡಿಯೋರ ಬೆಲೆಪಟ್ಟಿ ಅಂದ್ರೆ ಅಚ್ಚು ಹಾಕಿದ ಕಾಗದ ಅದು. ಅದರ ಜೊತೆ ಚೌಕಾಸಿ ಮಾಡೋಕೆ ಅದೇನು ಸಂತೇಲಿ ಟೊಮೇಟೊನಾ?"

"ತೆರಿಗೆ, ನೋಂದಣಿ ಸರ್ಕಾರದ್ದು. ಅದನ್ನ ಮುಟ್ಟೋಕಾಗಲ್ಲ. ಮಿಕ್ಕಿದ್ದು ಅಂಗಡಿಯವರು ತಾವೇ ಬರ್ಕೊಂಡಿರೋದು ಕಣಪ್ಪ. ಬರೆದೋರು ಹೊಡೆದೂ ಹಾಕ್ಬಹುದು."

"ಆಯ್ತು, ಅಕ್ಕ ಹೇಳಿದ್ಮೇಲೆ ಅಪೀಲೇ ಇಲ್ಲ" ಎಂದು ಹೋಬರ್ಟ್ ಹೆಂಡತಿಯ ಕಡೆ ಕಣ್ಣು ಮಿಟುಕಿಸಿದ.

ಅಂಗಡಿಯ ಅಂಗಳದಲ್ಲಿ ನೂರಾರು ಗಾಡಿಗಳು ಮಂಜಿನಲ್ಲಿ ಸಾಲಾಗಿ ನಿಂತಿದ್ದವು. ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲು ತಾನಾಗಿ ತೆರೆದುಕೊಂಡಿತು. ಟೆಸ್ಸಿಗೆ ಮಂಡಿನೋವು, ಅವಳು ಗಾಡಿಯಲ್ಲೇ ಉಳಿದಳು.

ಒಳಗಿದ್ದವನು ಲೈಲ್ ಎಂಬ ಮಾರಾಟಗಾರ ಒಬ್ಬನೇ. ತೆಳ್ಳಗೆ, ಇಸ್ತ್ರಿ ಮಾಡಿದ ಹಾಗೆ ನೆಟ್ಟಗಿದ್ದ. ಅವನ ನಗು ಮುಖಕ್ಕೆ ಅಂಟಿಸಿದಂತಿತ್ತು. ಮಾತಾಡುವಾಗಲೂ ಅಲ್ಲಾಡುತ್ತಿರಲಿಲ್ಲ. ಓಡಿಸಿ ನೋಡಲಿಕ್ಕೆಂದು ವರ್ಲೀನಳ ಲೈಸೆನ್ಸ್ ತೆಗೆದುಕೊಂಡ. ಅವಳು ಆರಿಸಿದ್ದು ಹಳೆಯದಾದರೂ ಗಟ್ಟಿಮುಟ್ಟಾದ ನೀಲಿ ಕಾರು. ಬೆಲೆ ಹದಿನಾಲ್ಕು ಸಾವಿರದ ಇನ್ನೂರು ಡಾಲರ್. ವರ್ಲೀನಳಿಗೆ ಹಿಡಿಸಿತು. ಓಡಿಸಿ ಬಂದಮೇಲೆ ಅವನು ಲೈಸೆನ್ಸ್ ಮರಳಿಸಲಿಲ್ಲ. ಅವರನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ ಮುಂದೆ ಕಾಗದ ಇಟ್ಟ. ಒಟ್ಟು ಹದಿನೇಳು ಸಾವಿರ.

"ಇದೇನು ಇಷ್ಟಾಯ್ತು?" ಅಂದಳು ವರ್ಲೀನ್.

ತೆರಿಗೆ, ನೋಂದಣಿಗೆ ಒಂಬೈನೂರು. ಕಾಗದಪತ್ರದ ಶುಲ್ಕ ಆರುನೂರು. ಗಾಡಿ ತೊಳೆದು ಸಿದ್ಧಪಡಿಸಿದ್ದಕ್ಕೆ ಎಂಟುನೂರು. ಕಳ್ಳತನವಾದರೆ ಗುರುತಿಗೆಂದು ಕಿಟಕಿ ಗಾಜಿನ ಮೇಲೆ ಗಾಡಿಯ ನಂಬರ್ ಕೆತ್ತಿದ್ದಕ್ಕೆ ಮುನ್ನೂರು. ಟೈರಿಗೆ ನೈಟ್ರೋಜನ್ ತುಂಬಿದ್ದಕ್ಕೆ ಇನ್ನೂರು.

"ಇದು ಎಲ್ಲರಿಗೂ ಇರೋದೇ ಮೇಡಂ" ಅಂದ ಲೈಲ್.

"ಟೈರಿನ ಗಾಳಿಗೆ ಇನ್ನೂರಾ?"

"ಇದು ಎಲ್ಲರಿಗೂ ಇರೋದೇ ಮೇಡಂ." ಅದೇ ದನಿ, ಅದೇ ನಗು. "ನೀವು ಇಷ್ಟು ಹೇಳ್ತಿದ್ದೀರಿ ಅಂತ ಮ್ಯಾನೇಜರನ್ನ ಕೇಳಿ ಬರ್ತೀನಿ."

ಎದುರಿಗೆ ಮಬ್ಬು ಗಾಜಿನ ಬಾಗಿಲಿತ್ತು. ಅದರಾಚೆ ಟೋಪಿ ಹಾಕಿದ ಅಗಲ ಹೆಗಲಿನ ಆಕೃತಿಯೊಂದು ಕಾಣುತ್ತಿತ್ತು. ಲೈಲ್ ಒಳಗೆ ಹೋದ. ಮಾತು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಆ ಆಕೃತಿ ತಲೆಯನ್ನು ನಿಧಾನವಾಗಿ ಅಡ್ಡಡ್ಡ ಆಡಿಸಿತು. ಲೈಲ್ ಹೊರಗೆ ಬಂದ.

"ಒಪ್ತಾ ಇಲ್ಲ ಮೇಡಂ."

ವರ್ಲೀನ್ ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಹೋಗಿಬಂದ. ಆಕೃತಿ ಇನ್ನೊಮ್ಮೆ ತಲೆಯಾಡಿಸಿತು. ಅವಳ ತೋಳಿನ ಮೇಲೆ ಮುಳ್ಳೆದ್ದಿತು. ಆ ಮನುಷ್ಯ ಒಂದು ಸಲವೂ ಕೂರಲಿಲ್ಲ, ಕೈ ಎತ್ತಲಿಲ್ಲ, ಕೆಮ್ಮಲಿಲ್ಲ.

"ಸಾಕು ಬಿಡೇ, ಸಹಿ ಹಾಕಿ ಹೋಗೋಣ. ಸೋಮವಾರಕ್ಕೆ ಗಾಡಿ ಬೇಕೋ ಬೇಡ್ವೋ?" ಹೋಬರ್ಟ್ ಪೆನ್ನು ಅವಳ ಕಡೆ ತಳ್ಳಿದ.

"ಇನ್ನೊಂದೇ ಒಂದ್ಸಲ ಕೇಳಿ" ಅಂದಳು ಅವಳು.

ಲೈಲ್ ಈ ಸಲ ಮುಂಬಾಗಿಲ ಕಡೆಯಿಂದ ಹೋದ. ವರ್ಲೀನ್ ಪಕ್ಕದ ಕಿಟಕಿಯಲ್ಲಿ ಇಣುಕಿದಳು. ಅವನು ಹೊರಗೆ, ಮಂಜಿನಲ್ಲಿ, ಗಾಡಿಗಳ ನಡುವೆ ಒಬ್ಬನೇ ನಿಂತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಅವಳು ತಿರುಗಿ ಗಾಜಿನ ಬಾಗಿಲು ನೋಡಿದಳು. ಒಳಗೆ ಆ ಆಕೃತಿ ತಲೆಯನ್ನು ಅಡ್ಡಡ್ಡ ಆಡಿಸುತ್ತಲೇ ಇತ್ತು.

"ಹೋಬರ್ಟ್, ಅವನು ಹೊರಗಿದ್ದಾನೆ. ಹಾಗಾದ್ರೆ ಆ ಮನುಷ್ಯ ಯಾರಿಗೆ ಬೇಡ ಅಂತಿದ್ದಾನೆ?"

ಹೋಬರ್ಟ್‌ನ ಮುಖ ಬಿಳಿಚಿಕೊಂಡಿತು. ವರ್ಲೀನ್ ಎದ್ದಳು. ಹೋಗಿ ಬಾಗಿಲು ತಳ್ಳಿದಳು.

ಒಳಗೆ ಯಾರೂ ಇರಲಿಲ್ಲ. ಗೂಟದ ಕಂಬಕ್ಕೆ ಒಂದು ಕೋಟು, ಅದರ ಮೇಲೆ ಒಂದು ಟೋಪಿ. ನೆಲದ ಜಾಲರಿಯಿಂದ ಬರುತ್ತಿದ್ದ ಬಿಸಿಗಾಳಿಗೆ ಟೋಪಿ ಆ ಕಡೆ ಈ ಕಡೆ ವಾಲುತ್ತಿತ್ತು. ಮೇಜಿನ ಮೇಲೆ ಬೆರಳು ದಪ್ಪದ ಧೂಳು. ಗೋಡೆಯ ಕ್ಯಾಲೆಂಡರ್ ನಾಲ್ಕು ವರ್ಷದ ಹಿಂದಿನದು.

"ಮ್ಯಾನೇಜರ್ ಹತ್ರ ಮಾತಾಡ್ದೆ ಮೇಡಂ" ಎಂದು ಹಿಂದಿನಿಂದ ದನಿ ಬಂತು. "ಒಪ್ತಾ ಇಲ್ಲ."

ಇಬ್ಬರೂ ಬೆಚ್ಚಿ ತಿರುಗಿದರು. ಲೈಲ್ ಹೊಸ್ತಿಲಲ್ಲಿ ನಿಂತಿದ್ದ. ಅವರು ಎಲ್ಲಿದ್ದಾರೆಂದು ನೋಡಿದ ಮೇಲೂ ನಗು ಕದಲಲಿಲ್ಲ.

ವರ್ಲೀನ್ ಅಂಗೈ ಚಾಚಿದಳು. "ನನ್ನ ಲೈಸೆನ್ಸ್ ಕೊಡಿ."

ಅವನು ಜೇಬಿನಿಂದ ತೆಗೆದು ಕೊಟ್ಟ. ಗಂಡಹೆಂಡತಿ ಸಹಿ ಹಾಕದ ಕಾಗದ ಹಿಡಿದು ಹೊರಗೆ ನಡೆದರು. ಮಂಜಿನಲ್ಲಿ ಟೆಸ್ಸಿಯ ಗಾಡಿ ಹುಡುಕುವಾಗ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ಲೈಲ್ ಓಡಿ ಬಂದಿದ್ದ. ಮುಖದಲ್ಲಿ ಈಗ ನಗು ಇರಲಿಲ್ಲ. ನಗು ಹೋದಮೇಲೆ ಅವನು ಬಹಳ ದಣಿದವನಂತೆ ಕಂಡ.

"ಅವರು ತೀರಿಕೊಂಡು ನಾಕು ವರ್ಷ ಆಯ್ತು. ಬೇರೆ ಮ್ಯಾನೇಜರನ್ನ ಇಡಲೇ ಇಲ್ಲ" ಅಂದ ಮೆಲ್ಲಗೆ. "ನಾನು ಒಳಗೆ ಹೋಗಿ ಹತ್ತರ ತನಕ ಎಣಿಸಿ ಬರ್ತೀನಿ, ಅಷ್ಟೇ. ಒಂದೊಂದ್ಸಲ ನಿಜವಾಗ್ಲೂ ಕೇಳ್ಬಿಡ್ತೀನಿ. ಅವರು ಬೇಡ ಅಂತಾರೆ."

ಹೋಬರ್ಟ್‌ಗೆ ಮೈ ಜುಮ್ಮೆಂದಿತು. "ಹಾಗಾದ್ರೆ ಇಷ್ಟು ಹೊತ್ತು ಬೇಡ ಅಂದಿದ್ದು ನೀವೇ ಅಲ್ವೇನ್ರೀ?"

ಲೈಲ್ ತಲೆ ತಗ್ಗಿಸಿದ.

ಟೆಸ್ಸಿ ಗಾಡಿಯ ಗಾಜು ಇಳಿಸಿದಳು. ಕಾಗದ ತೆಗೆದುಕೊಂಡು ಕನ್ನಡಕ ಏರಿಸಿದಳು. "ಕೆತ್ತಿದ್ದು, ತೊಳೆದದ್ದು, ಗಾಳಿ. ನಾವು ಕೇಳಿದ್ವಾ? ಹೊಡೆದ್ಹಾಕಿ. ಕಾಗದಪತ್ರದ ಶುಲ್ಕ ಎಲ್ಲರಿಗೂ ಒಂದೇ, ಅದನ್ನ ತೆಗೆಯೋಕಾಗಲ್ಲ ಅಂತೀರಾ? ಸರಿ, ಇರ್ಲಿ. ಅದರ ಬದಲು ಕಾರಿನ ಬೆಲೇಲಿ ಇಳಿಸಿ. ಆಗಲ್ವಾ, ನದಿ ಆ ಕಡೆ ಇನ್ನೂ ಎರಡು ಅಂಗಡಿ ಇದೆ."

ಲೈಲ್ ಅಲ್ಲೇ ಗಾಡಿಯ ಮೂತಿಯ ಮೇಲೆ ಕಾಗದ ಇಟ್ಟು ಮೂರು ಸಾಲು ಹೊಡೆದುಹಾಕಿದ. ಕಾರಿನ ಬೆಲೆಯಲ್ಲಿ ನಾನೂರು ಇಳಿಸಿದ. ಯಾರನ್ನೂ ಕೇಳಿಬರಲು ಹೋಗಲಿಲ್ಲ. ಎಲ್ಲಾ ಸೇರಿ ಹದಿನೈದು ಸಾವಿರದ ಮುನ್ನೂರು ಎಂದು ಬರೆದು ಸಹಿ ಹಾಕಿದ. ವರ್ಲೀನ್ ಒಂದೊಂದೇ ಸಾಲು ಓದಿದಳು. ಆಮೇಲೆ ತಾನೂ ಸಹಿ ಹಾಕಿದಳು.

ನೀಲಿ ಕಾರಿನಲ್ಲಿ ಮನೆಗೆ ಬರುವಾಗ ಹೋಬರ್ಟ್ ಅಂದ: "ನನ್ನ ತಮ್ಮ ಮುಂದಿನ ತಿಂಗಳು ಟ್ರಕ್ ತಗೋತಾನಂತೆ. ಅವನ ಜೊತೆ ನಾನೇ ಹೋಗ್ತೀನಿ. ಅವನು ಅಚ್ಚು ಹಾಕಿದ್ದೆಲ್ಲಾ ನಂಬೋ ಪೈಕಿ."

"ಯಾರ ಹಾಗೆ?" ಅಂದಳು ವರ್ಲೀನ್. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ಗಾಡಿ ಕೊಳ್ಳಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಎಲ್ಲಾ ಸೇರಿದ ಬೆಲೆಯನ್ನು ಮನೆಯಿಂದ ಹೊರಡುವ ಮುಂಚೆಯೇ ಬರಹದಲ್ಲಿ ತರಿಸಿಕೊಳ್ಳಿ. ಯಾವ ಸಾಲು ಸರ್ಕಾರದ್ದು, ಯಾವುದು ಅಂಗಡಿಯದ್ದು ಎಂದು ಬೆರಳಿಟ್ಟು ಕೇಳಿ. ನೀವು ಬಯಸದಿದ್ದುದನ್ನು ಬೇಡ ಅನ್ನಿ. ಲೈಸೆನ್ಸ್ ನಿಮ್ಮ ಕೈಯಲ್ಲಿರಲಿ, ಎದ್ದು ಬರುವ ಧೈರ್ಯವೂ ಇರಲಿ. ಸಂಕೋಚ ಬೇಡ, ಕೇಳಿ. ಕೇಳಿದ್ದಕ್ಕೆ ಇನ್ನೂ ಯಾವ ಅಂಗಡಿಯವರೂ ಶುಲ್ಕ ಹಾಕಿಲ್ಲ.