ಹಂಡೆಯೊಳಗಿನ ಹೆಸರು

ಮಣ್ಣಿನ ರಸ್ತೆ ಮುಗಿದು ಹೊಲ ಶುರುವಾಗುವ ಕಡೆ ಆ ಕಾರ್ಖಾನೆ ಇತ್ತು. ಯಜಮಾನರು ಮೊದಲು ಅಲ್ಲಿ ಹಾಲಿನ ಕ್ಯಾನು, ನೀರಿನ ಟ್ಯಾಂಕು ಮಾಡುತ್ತಿದ್ದರು. ಅವರ ಬೆಸುಗೆಯಲ್ಲಿ ಒಂದು ಹನಿಯೂ ಜಿನುಗುವುದಿಲ್ಲ ಎಂಬ ಹೆಸರೇ ಮುಂದೆ ಅವರನ್ನು ಬೇರೊಂದು ಕಸುಬಿಗೆ ಎಳೆದು ತಂದಿತು. ಟಿವಿಯ ಪರದೆ, ಫೋನಿನ ಪರದೆ, ಕಂಪ್ಯೂಟರಿನಲ್ಲಿ ಮಾಹಿತಿ ಕೂಡಿಡುವ ಡಿಸ್ಕು, ಇವಕ್ಕೆಲ್ಲ ಕೂದಲೆಳೆಗಿಂತ ಎಷ್ಟೋ ತೆಳ್ಳಗೆ ಲೋಹದ ಲೇಪ ಕೊಡಬೇಕು. ಗಾಳಿಯಿದ್ದ ಕಡೆ ಆ ಲೇಪ ಸರಿಯಾಗಿ ಕೂರುವುದಿಲ್ಲ. ದಪ್ಪ ಸ್ಟೀಲಿನ ಪೆಟ್ಟಿಗೆಯೊಳಗೆ ಗಾಜನ್ನಿಟ್ಟು, ಬಾಗಿಲು ಬಿಗಿದು, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆದು, ಗಾಜನ್ನು ಕಾಯಿಸಿ, ಆಮೇಲೆ ಲೋಹವನ್ನು ಆವಿ ಮಾಡಿ ಅದರ ಮೇಲೆ ಕೂರಿಸಬೇಕು. ಯಜಮಾನರು ಈಗ ಮಾಡುತ್ತಿದ್ದದ್ದು ಆ ಯಂತ್ರಗಳನ್ನು.

"ಮೊದಲು ನೀರು ಹೊರಗೆ ಹೋಗದ ಹಂಡೆ ಮಾಡ್ತಿದ್ದೆ. ಈಗ ಗಾಳಿ ಒಳಗೆ ಬರದ ಹಂಡೆ ಮಾಡ್ತೀನಿ. ಅಷ್ಟೇ ವ್ಯತ್ಯಾಸ," ಎನ್ನುತ್ತಿದ್ದರು. ಇಂಜಿನಿಯರುಗಳು ಚೇಂಬರ್ ಎನ್ನುವುದು ಅವರ ಬಾಯಲ್ಲಿ ಹಂಡೆಯೇ. ಸಂಬಳ ಕೊಡುವವರು ಅವರಾದ್ದರಿಂದ ಇಂಜಿನಿಯರುಗಳೂ ಹಂಡೆ ಎನ್ನುವುದನ್ನು ಕಲಿತರು.

ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಆದ್ದರಿಂದ ಇಬ್ಬರು ಅಳಿಯಂದಿರು. ದೊಡ್ಡಳಿಯನದು ಮಾರಾಟ. ಗಿರಾಕಿಯ ಎದುರು ಕೂತು ಮಾತನ್ನು ಬೆಣ್ಣೆಯ ಹಾಗೆ ಸವರುವುದು ಅವನ ಕೆಲಸ. ಚಿಕ್ಕಳಿಯನದು ಯಂತ್ರ ಜೋಡಿಸುವ ಕೋಣೆ. ಅಲ್ಲಿ ತಲೆಗೆ ಟೊಪ್ಪಿ, ಕೈಗೆ ಗವಸು, ಕಾಲಿಗೆ ಬಟ್ಟೆಯ ಚೀಲ. ತಲೆಗೆ ಎಣ್ಣೆ ಹಚ್ಚಿ ಬಂದವರಿಗೆ ಪ್ರವೇಶವಿಲ್ಲ. ಒಂದು ಬೆರಳಚ್ಚು ಒಳಗುಳಿದರೂ ಅದರ ಜಿಡ್ಡು ಆವಿಯಾಗಿ ಲೇಪ ಕೆಡಿಸುತ್ತದೆ. ಬಾಗಿಲಿನ ಮೇಲೆ ಅವನು ಕೆಂಪಕ್ಷರದಲ್ಲಿ ಒಂದು ಬೋರ್ಡು ಬರೆದು ನೇತುಹಾಕಿದ್ದ: ಹಂಡೆಯೊಳಗೆ ಹಿತ್ತಾಳೆ ಹೋಗಕೂಡದು. ಹಿತ್ತಾಳೆಯಲ್ಲಿ ಸತು ಇರುತ್ತದೆ. ಗಾಳಿಯಿಲ್ಲದ ಕಡೆ ಬಿಸಿ ತಾಕಿದರೆ ಸಾಕು, ಅದು ಹಬೆಯ ಹಾಗೆ ಎದ್ದು, ಒಳಗಿರುವುದಕ್ಕೆಲ್ಲ ಬಳಿದುಕೊಳ್ಳುತ್ತದೆ.

ಕಾರ್ಖಾನೆಯ ಪಕ್ಕದಲ್ಲಿ ಹೊಸ ಶೆಡ್ಡು ಎದ್ದಿತ್ತು. ಅದರ ಗಾಜಿನ ಕೋಣೆಯಲ್ಲೊಂದು ತಿರುಗುವ ಕುರ್ಚಿ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಈ ಸಲದ ಯಂತ್ರವನ್ನು ಗಿರಾಕಿ ಒಪ್ಪಿಕೊಂಡ ದಿನ ಆ ಕುರ್ಚಿಯಲ್ಲಿ ಕೂರುವವರು ಯಾರೆಂದು ಹೇಳುತ್ತೇನೆ ಎಂದಿದ್ದರು ಮಾವ. ಅಂದಿನಿಂದ ಷಡ್ಡಕರಿಬ್ಬರೂ ಒಂದೇ ಗೋದಲಿಗೆ ಕಟ್ಟಿದ ಎತ್ತುಗಳಾಗಿದ್ದರು. ಮುಂದೆ ಮೇವಿದ್ದರೂ ಕಣ್ಣು ಮಾತ್ರ ಪಕ್ಕದ ಬಾಯಿಯ ಮೇಲೆ.

ಯಂತ್ರ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಮಾವ ಅಂಗೈಯಗಲದ ಹಿತ್ತಾಳೆಯ ಫಲಕವೊಂದನ್ನು ಹಿಡಿದು ಬಂದರು. ಅದರ ಮೇಲೆ ಅವರ ಹೆಸರನ್ನು ಅವರೇ ಉಳಿ ಸುತ್ತಿಗೆಯಿಂದ ಕೊರೆದಿದ್ದರು. ಒಂದು ಮೂಲೆ ಏಟು ತಪ್ಪಿ ತುಸು ತಗ್ಗಾಗಿತ್ತು.

"ಅಳಿಯಂದಿರೇ, ಇದನ್ನ ಹಂಡೆ ಒಳಗೆ ಹಾಕಿ."

"ಒಳಗಾ ಮಾವ?" ಎಂದ ಚಿಕ್ಕಳಿಯ. "ಹೊರಗೆ ಹಾಕಿದ್ರೆ ಬಂದವರಿಗೆಲ್ಲ ಕಾಣ್ತಿತ್ತು."

"ಹೊರಗಿನ ಹೆಸರನ್ನ ಯಾರೋ ಕೆರೆದು ತನ್ನ ಹೆಸರು ಹೊಡ್ಕೋತಾನೆ. ಹಾಲಿನ ಕ್ಯಾನಲ್ಲಿ ಹಾಗೇ ಆಯ್ತು. ಅದಕ್ಕೇ ಆಮೇಲೆ ಮುಚ್ಚಳದ ಒಳಗೆ ಹಾಕ್ತಿದ್ದೆ. ನನ್ನ ಹೆಸರಿಲ್ಲದ ಹಂಡೆ ಈ ಗೇಟು ದಾಟಿಲ್ಲ. ಗಾಜಿನ ಕಿಂಡೀಲಿ ಇಣುಕಿದವರಿಗೆ ಮೊದಲು ಇದೇ ಕಾಣಬೇಕು."

ಹಿಂದಿನ ಯಂತ್ರಗಳಿಗೆಲ್ಲ ಚಿಕ್ಕಳಿಯ ಏನೋ ನೆಪ ಹೇಳಿ ಫಲಕವನ್ನು ಕಾಲಿನ ಕಂಬಿಯ ಒಳಮೈಗೆ ಹೊಡೆಸಿ, ಒಳಗಿದೆ ಎಂದು ಸಾಗಹಾಕಿದ್ದ. ಈ ಸಲ ಕಿಂಡಿಯ ಮಾತು ಬಂತು. ಹಿತ್ತಾಳೆ ಬೇಡ ಎನ್ನುವುದು ಅವನ ನಾಲಗೆಯ ತುದಿಗೆ ಬಂದಿತ್ತು. ಆದರೆ ಮಾವನ ಹೆಗಲಿನಾಚೆ ಹೊಸ ಶೆಡ್ಡಿನ ಗಾಜು ಹೊಳೆಯಿತು, ಅದರೊಳಗೆ ಕುರ್ಚಿಯ ಬೆನ್ನು ಕಂಡಿತು. ನಾಲಗೆ ಒಳಗೆ ಸರಿಯಿತು.

"ಆಗಲಿ ಮಾವ," ಎಂದ.

"ಹಿತ್ತಾಳೆಗಿರೋ ಕಳೆ ಸ್ಟೀಲಿಗೆಲ್ಲಿ ಬರುತ್ತೆ ಬಿಡಿ ಮಾವ," ಎಂದು ದೊಡ್ಡಳಿಯ ಒಂದು ಹಿಡಿ ಬೆಣ್ಣೆ ಸವರಿದ.

ಮನೆಯಲ್ಲಿ ಚಿಕ್ಕಳಿಯನ ಹೆಂಡತಿ ಬಟ್ಟೆ ಮಡಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಹಿತ್ತಾಳೆ ಬೇಡ ಅನ್ನೋಕೆ ಎಷ್ಟು ಹೊತ್ತು ಬೇಕು?"

"ನಿಮ್ಮಪ್ಪನಿಗೆ ಯಾರಾದ್ರೂ ಬೇಡ ಅಂದದ್ದು ನೋಡಿದೀಯಾ?"

"ನಾನು ಅಂದಿದೀನಿ. ನಿಮ್ಮನ್ನ ತೋರಿಸಿ, ಇವರೇ ಗಂಡು ಅಂದಾಗ."

"ಆಮೇಲೆ?"

"ಆಮೇಲೇನು, ನಿಮ್ಮ ಅಂಗಿ ಮಡಚ್ತಾ ಕೂತಿದೀನಲ್ಲ. ಆದ್ರೂ ಬಾಯಿಬಿಟ್ಟು ಹೇಳಿದ ಸಮಾಧಾನ ಇದೆ. ನಿಮಗೆ ಅದೂ ಇಲ್ಲ."

ಚಿಕ್ಕಳಿಯನಿಗೆ ಸಮಾಧಾನ ಬೇಕಿರಲಿಲ್ಲ, ಕುರ್ಚಿ ಬೇಕಿತ್ತು. ಅವನೊಂದು ದಾರಿ ಹುಡುಕಿದ. ಚಿನ್ನದ ಬಣ್ಣದ ಕೈಗಡಿಯಾರಗಳಿಗೆ ಕೊಡುವ ಲೇಪವೊಂದಿದೆ, ಬಲು ಗಟ್ಟಿ, ಎಷ್ಟು ಬಿಸಿಗೂ ಜಗ್ಗುವುದಿಲ್ಲ. ಸ್ಟೀಲಿನ ತಗಡಿನ ಮೇಲೆ ಅದೇ ಅಕ್ಷರಗಳನ್ನು ಕೊರೆಸಿ, ಪರೀಕ್ಷೆಯ ಸಣ್ಣ ಯಂತ್ರದಲ್ಲಿಟ್ಟು ಆ ಲೇಪ ಕೊಟ್ಟ. ಹೊರಬಂದದ್ದು ಹಿತ್ತಾಳೆಯನ್ನೇ ನಾಚಿಸುವಂತಿತ್ತು. ಅದನ್ನು ಹಂಡೆಯೊಳಗೆ ಕಿಂಡಿಯ ಎದುರಿಗೆ ತಿರುಪು ಹಾಕಿ ಕೂರಿಸಿದ. ಮಾವ ಇಣುಕಿ ನೋಡಿ ತಲೆಯಾಡಿಸಿದರು. ಅಸಲಿ ಫಲಕವನ್ನು ಅವನು ಬಟ್ಟೆಯಲ್ಲಿ ಸುತ್ತಿ ತನ್ನ ಮೇಜಿನ ಡ್ರಾಯರಿನಲ್ಲಿಟ್ಟ. ಇಷ್ಟು ಜಾಣನಾದವನಿಗೆ ಡ್ರಾಯರಿಗೆ ಬೀಗವಿಲ್ಲದ್ದು ಮಾತ್ರ ಹೊಳೆಯಲಿಲ್ಲ.

ಯಂತ್ರವನ್ನು ಒಪ್ಪಿಕೊಳ್ಳಲು ಗಿರಾಕಿ ಕಂಪನಿಯಿಂದ ಬಂದವಳು ಒಬ್ಬ ಪರೀಕ್ಷಕಿ. ಮಾತು ಕಡಿಮೆ, ನೋಟ ಜಾಸ್ತಿ. ಗವಸು ತೊಟ್ಟು ಬಾಗಿಲ ಬಳಿ ಬಂದವಳು ಬೋರ್ಡನ್ನು ಪೂರ್ತಿ ಓದಿಯೇ ಒಳಗೆ ಕಾಲಿಟ್ಟಳು. ಹಂಡೆಯ ಬಾಗಿಲು ಆಗಲೇ ಬಿಗಿದಿತ್ತು. ಪಂಪು ಗುಂಯ್‌ಗುಡುತ್ತ ಗಾಳಿ ಹೀರಿತು. ಮೀಟರಿನ ಅಂಕಿ ಇಳಿಯುತ್ತ ಹೋಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಅವಳು ತಲೆಯಾಡಿಸಿದಳು. ಹೀಟರು ಹಾಕಿದರು.

ಆಗ ದೊಡ್ಡಳಿಯ ಷಡ್ಡಕನ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದ:

"ಸ್ಟೇಪ್ಲರ್ ಬೇಕಿತ್ತು. ನಿನ್ನ ಡ್ರಾಯರು ತೆಗೆದಿದ್ದೆ."

"ಸಿಕ್ತಾ ಭಾವ?"

"ಅದು ಸಿಗಲಿಲ್ಲ. ಬಟ್ಟೇಲಿ ಸುತ್ತಿಟ್ಟಿದ್ದು ಸಿಕ್ತು. ಮಾವನಿಗೇ ನಕಲಿ ಹಾಕೋ ಧೈರ್ಯ ನಿನಗೆ ಬರುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲಪ್ಪ. ಬೆಳಿಗ್ಗೆ ಬೇಗ ಬಂದು ಅಸಲಿ ಕೂರಿಸಿದೆ. ಅವರಿಗೂ ಒಂದು ಮಾತು ಹೇಳಿದೆ."

ಚಿಕ್ಕಳಿಯ ಕಿಂಡಿಗೆ ಮುಖವೊತ್ತಿ ನೋಡಿದ. ಒಳಗೆ ಹೀಟರಿನ ಕೆಂಪು ಬೆಳಕಿನಲ್ಲಿ ಮಾವನ ಹೆಸರು ಮಿರುಗುತ್ತಿತ್ತು. ಒಂದು ಮೂಲೆ ತಗ್ಗಾಗಿತ್ತು.

ತಿರುಗಿದರೆ ಮಾವ ಅವನನ್ನೇ ನೋಡುತ್ತಿದ್ದರು. "ನಿಮ್ಮ ಹತ್ರ ಆಮೇಲೆ ಮಾತಾಡೋದಿದೆ ಅಳಿಯಂದಿರೇ," ಎಂದರು, ಬೆಣ್ಣೆಯೂ ಇಲ್ಲದೆ, ಬೆಲ್ಲವೂ ಇಲ್ಲದೆ.

ಫಲಕಕ್ಕೆ ಬಿಸಿ ಏರಲು ಇನ್ನೂ ಸಮಯವಿತ್ತು. ನಿಲ್ಲಿಸಿ ಎಂದರೆ ಸಾಕು, ಸ್ವಿಚ್ಚಿನ ಮೇಲೆ ಬೆರಳಿಟ್ಟವನು ನಿಲ್ಲಿಸುತ್ತಿದ್ದ. ಹಂಡೆ ಉಳಿಯುತ್ತಿತ್ತು. ಆದರೆ ಯಾಕೆ ನಿಲ್ಲಿಸಬೇಕು ಎಂದು ಎಲ್ಲರೂ ಕೇಳುತ್ತಿದ್ದರು. ಗಿರಾಕಿಯ ಎದುರಿಗೇ ನಕಲಿಯ ಕತೆ ಬಿಚ್ಚಬೇಕಾಗುತ್ತಿತ್ತು, ಕುರ್ಚಿ ಅಲ್ಲಿಗೇ ಭಾವನ ಪಾಲು. ಸುಮ್ಮನಿದ್ದರೆ? ಹಿತ್ತಾಳೆ ಹಾಕಿದವನು ತಾನಲ್ಲ. ಹಾಕಿದವನು ತನ್ನ ಬಾಯಿಂದಲೇ ಮಾವನ ಎದುರು ಹೇಳಿಕೊಂಡಿದ್ದಾನೆ. ಚಿಕ್ಕಳಿಯ ತಾನು ಕೂಡಿಸಿದ ಹಂಡೆಯನ್ನೂ ನೋಡಿದ, ಷಡ್ಡಕನ ಅಗಲವಾದ ನಗುವನ್ನೂ ನೋಡಿದ. ಆಮೇಲೆ ಕಿಂಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ಪಕ್ಕದವನ ಪೈರಿಗೆ ದನ ನುಗ್ಗುವುದನ್ನು ಬದುವಿನ ಮೇಲೆ ನಿಂತು ನೋಡುವವನ ನೆಮ್ಮದಿ ಅವನ ಮುಖದಲ್ಲಿತ್ತು. ಪೈರು ತನ್ನದೇ ಎಂಬುದು ಮರೆತಿತ್ತು.

ಮೀಟರಿನ ಅಂಕಿ ಮೊದಲು ಅಲುಗಾಡಿತು, ಆಮೇಲೆ ಏರಿತು. ಪರೀಕ್ಷಕಿ ಹುಬ್ಬುಗಂಟಿಕ್ಕಿದಳು. ಕಿಂಡಿಯ ಗಾಜು ಮಸುಕಾಯಿತು, ಬೂದಿ ಬಣ್ಣಕ್ಕೆ ತಿರುಗಿತು, ನೋಡನೋಡುತ್ತ ಹೊಳೆಯತೊಡಗಿತು. ತನ್ನ ಹೆಸರನ್ನು ಗಿರಾಕಿಗೆ ತೋರಿಸುವ ಹೊತ್ತು ಬಂತೆಂದು ಮಾವ ಮುಂದೆ ಹೋಗಿ ಬಗ್ಗಿದರು. ಹೆಸರಿರಲಿಲ್ಲ. ಅವರ ಮುಖವೇ ಇತ್ತು, ಕ್ಷೌರದಂಗಡಿಯ ಕನ್ನಡಿಯಲ್ಲಿದ್ದಷ್ಟು ಸ್ಪಷ್ಟವಾಗಿ. ಅವರು ಅಭ್ಯಾಸಬಲದಿಂದ ಮೀಸೆ ನೀವಿಕೊಂಡರು.

"ನೋಡಿ ಮೇಡಂ," ಎಂದರು ಸಾವರಿಸಿಕೊಂಡು, "ಎಂಥ ಲೇಪ. ಕಿಂಡೀನೂ ಬಿಟ್ಟಿಲ್ಲ."

"ನಾವು ಕೇಳಿದ್ದು ಗಾಜಿಗೆ ಅಲ್ಯೂಮಿನಿಯಂ," ಎಂದಳು ಪರೀಕ್ಷಕಿ. "ನೀವು ಹಂಡೆಗೇ ಸತು ಬಳಿದಿದೀರಿ. ಆರಿಸಿ. ತಣ್ಣಗಾದ ಮೇಲೆ ಬಾಗಿಲು ತೆಗೀರಿ."

ತೆಗೆದಾಗ ಒಳಗೆಲ್ಲ ಬೂದು ಬಣ್ಣ. ಗೋಡೆ, ತಟ್ಟೆ, ಪರೀಕ್ಷೆಗಿಟ್ಟ ಗಾಜು, ಒಂದೂ ಉಳಿದಿರಲಿಲ್ಲ. ಫಲಕ ಮಾತ್ರ ಸತುವನ್ನು ಕಳೆದುಕೊಂಡು ಹಳೆಯ ತಾಮ್ರದ ಚೊಂಬಿನ ಹಾಗೆ ಕೆಂಪಾಗಿತ್ತು. ಅವಳು ಅದನ್ನು ಬಿಚ್ಚಿಸಿ ಗವಸಿನ ಕೈಯಲ್ಲಿ ಎತ್ತಿಹಿಡಿದಳು.

"ಇದನ್ನ ಕೂರಿಸಿದ್ದು ಯಾರು?"

ದೊಡ್ಡಳಿಯ ಸುತ್ತ ನೋಡಿದ. ಬೆಳಿಗ್ಗೆ ಅವನು ಹಂಡೆಯ ಬಾಗಿಲು ತೆಗೆದದ್ದನ್ನು ಕಂಡಿದ್ದ ಕೆಲಸಗಾರರು ಅವನ ಕಡೆಗೇ ತಿರುಗಿದರು.

"ನಾನೇ ಮೇಡಂ. ಅದು ಅಸಲಿ ಹಿತ್ತಾಳೆ."

"ಗೊತ್ತಾಗ್ತಿದೆ. ಬೋರ್ಡು ಓದಿರಲಿಲ್ವಾ?"

"ನನ್ನದು ಮಾರಾಟ ವಿಭಾಗ ಮೇಡಂ."

ಕುರ್ಚಿಯ ಪ್ಲಾಸ್ಟಿಕ್ಕನ್ನು ಯಾವ ಕಡೆಯಿಂದ ಹರಿಯಬೇಕು ಎನ್ನುವವರೆಗೆ ಚಿಕ್ಕಳಿಯನ ಯೋಚನೆ ಓಡಿತ್ತು. ಅಷ್ಟರಲ್ಲಿ ಅವಳು ಇವನ ಕಡೆ ತಿರುಗಿದಳು.

"ಬೋರ್ಡು ಬರೆದದ್ದು ಯಾರು?"

"ನಾನು," ಎಂದ, ಎದೆ ಮುಂದೆ ಮಾಡಿ.

"ಹೀಟರು ಹಾಕಿದ ಕೂಡಲೇ ನೀವು ಕಿಂಡೀಲಿ ನೋಡಿದ್ರಿ. ನಾನು ನಿಮ್ಮ ಮುಖ ನೋಡ್ತಿದ್ದೆ. ನೋಡಿ ಹಿಂದೆ ಸರಿದು ಕೈಕಟ್ಟಿದ್ರಿ. ಯಾಕೆ?"

ಮುಂದೆ ಮಾಡಿದ್ದ ಎದೆ ಹಿಂದೆ ಸರಿಯಿತು.

"ಹಂಡೆ ಚೆನ್ನಾಗಿದೆ ಯಜಮಾನರೇ," ಎಂದಳು ಅವಳು. "ಬೆಸುಗೆಯಲ್ಲಿ ತಪ್ಪಿಲ್ಲ. ಶುಚಿ ಮಾಡಿಸಿ, ಮತ್ತೆ ಬರ್ತೀನಿ. ಆದ್ರೆ ಮುಂದಿನ ಯಂತ್ರಗಳು ಹೊಸ ಶೆಡ್ಡಲ್ಲಿ ಅಂದ್ರಿ. ಒಬ್ಬರು ಗೊತ್ತಿಲ್ಲದೆ ಹಾಕ್ತಾರೆ, ಒಬ್ಬರು ಗೊತ್ತಿದ್ದೂ ಸುಮ್ಮನಿರ್ತಾರೆ. ಅದರ ಜವಾಬ್ದಾರಿ ಇವರಲ್ಲಿ ಯಾರಿಗೆ ಕೊಡ್ತೀರಿ?"

ಹಾಕಲು ಹೇಳಿದವರು ಅಂತ ಇನ್ನೊಬ್ಬರಿದ್ದರು. ಆ ಮಾತನ್ನು ಯಾರೂ ಎತ್ತಲಿಲ್ಲ. ಅವರಂತೂ ಎತ್ತಲಿಲ್ಲ.

"ಇಬ್ಬರಿಗೂ ಇಲ್ಲ," ಎಂದರು ಮಾವ, ತುಂಬ ನೊಂದವರ ಧ್ವನಿಯಲ್ಲಿ. "ಹೊರಗಿನವರನ್ನ ನೋಡ್ತೀನಿ."

ಮರುದಿನ ಷಡ್ಡಕರಿಬ್ಬರೂ ಟೊಪ್ಪಿ ಗವಸು ಹಾಕಿಕೊಂಡು ಹಂಡೆಯೊಳಗೆ ಕೂತು ಸತು ಉಜ್ಜುತ್ತಿದ್ದರು. ಒಬ್ಬ ಸರಿದರೆ ಇನ್ನೊಬ್ಬನ ಮೊಣಕೈ ಬೆನ್ನಿಗೆ ತಾಕುತ್ತಿತ್ತು.

"ಒಂದು ಮಾತು ಮೊದಲೇ ಹೇಳಬಾರದಿತ್ತಾ?" ಎಂದ ದೊಡ್ಡಳಿಯ.

"ಒಂದು ಮಾತು ಕೇಳಿ ಡ್ರಾಯರು ತೆಗೀಬಾರದಿತ್ತಾ?"

"ಆ ಕುರ್ಚಿ ಯಾರಿಗಂತೆ?"

"ಉಜ್ಜಿ ಭಾವ."

ಕಿಂಡಿಯ ಮೇಲಿನ ಲೇಪ ತೆಳ್ಳಗಿತ್ತು. ಹೊರಗಿನ ಬೆಳಕಿಗೆ ಅದು ಕನ್ನಡಿ. ಒಳಗಿನ ಕತ್ತಲೆಯಿಂದ ನೋಡಿದರೆ ಆಚೆಗಿರುವುದೆಲ್ಲ ಕಾಣುತ್ತಿತ್ತು. ಮಾವ ನಡೆದು ಬಂದರು. ಕಿಂಡಿಯ ಎದುರು ನಿಂತು ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದರು. ತಲೆ ಬಾಚಿದರು. ಮೀಸೆ ತಿದ್ದಿದರು. ಹಲ್ಲು ಕಿರಿದು ಸಂದಿಗಳನ್ನು ಪರೀಕ್ಷಿಸಿದರು. ಆಮೇಲೆ ಆ ಮುಖವನ್ನು ತುಸು ಹಿಂದೆ ಸರಿದು ಒಮ್ಮೆ, ಹತ್ತಿರ ಬಂದು ಒಮ್ಮೆ ನೋಡಿ, ಮೆಚ್ಚಿಕೊಂಡರು.

ದೊಡ್ಡಳಿಯ ಕಿಂಡಿ ಉಜ್ಜಲು ಕೈ ಎತ್ತಿದ. ಚಿಕ್ಕಳಿಯ ಆ ಕೈಯನ್ನು ಹಿಡಿದು ಕೆಳಗಿಳಿಸಿದ.

"ಅದನ್ನ ಕೊನೇಲಿ ಉಜ್ಜೋಣ ಭಾವ," ಎಂದ. "ಅಲ್ಲೀತನಕ ಇರಲಿ."